ಎಡ್ಡಿ ಬೊಗಳಿದ್ದು ಯಾಕೆ?

2007ರ ಮೇ 3ರ ರಾತ್ರಿ, ಪೋರ್ಚುಗಲ್‌ನ ಪ್ರಾಯಾ ದ ಲೂಜ್ ಎಂಬ ಕಡಲ ತೀರದ ಊರಿನಲ್ಲಿ ಮೆಡಲೀನ್ ಮೆಕ್ಯಾನ್ ಕಾಣೆಯಾದಳು. ನಾಲ್ಕು ತುಂಬಲು ಇನ್ನು ಒಂಬತ್ತೇ ದಿನ ಇತ್ತು. ರಜೆಗೆಂದು ಬ್ರಿಟನ್‌ನಿಂದ ಬಂದಿದ್ದ ಅಪ್ಪ ಅಮ್ಮ, ಮಕ್ಕಳನ್ನು ಮಲಗಿಸಿ ಹತ್ತಿರದಲ್ಲೇ ಗೆಳೆಯರ ಜೊತೆ ಊಟಕ್ಕೆ ಹೋಗಿದ್ದರು. ಮೂರು ತಿಂಗಳು ಹುಡುಕಿದರೂ ಏನೂ ಸಿಗಲಿಲ್ಲ. ಆಗ ಬ್ರಿಟನ್‌ನಿಂದ ಎರಡು ನಾಯಿಗಳು ಬಂದವು. ಎಡ್ಡಿ ಮತ್ತು ಕೀಲಾ, ಎರಡೂ ಸ್ಪ್ರಿಂಗರ್ ಸ್ಪ್ಯಾನಿಯಲ್ ತಳಿ. ಎಡ್ಡಿಗೆ ಹೆಣದ ವಾಸನೆ ಹಿಡಿಯುವ ತರಬೇತಿ ಇತ್ತು. ವಾಸನೆ ಸಿಕ್ಕರೆ ಬೊಗಳುತ್ತಿದ್ದ. ಕೀಲಾಗೆ ಗೊತ್ತಿದ್ದದ್ದು ಮನುಷ್ಯರ ರಕ್ತ ಮಾತ್ರ. ಸಿಕ್ಕ ಜಾಗಕ್ಕೆ ಮೂಗು ಹಚ್ಚಿ ಸುಮ್ನೆ ನಿಂತುಬಿಡುತ್ತಿದ್ದಳು.

ಅವರು ರಜೆಗೆ ಉಳಿದಿದ್ದ ಮನೆಯೊಳಗೆ ಅಪ್ಪ ಅಮ್ಮನ ಕೋಣೆಯ ಬೀರು ಹತ್ತಿರ ಎಡ್ಡಿ ಬೊಗಳಿದ. ಸೋಫಾದ ಹಿಂದೆ ಬೊಗಳಿದ. ಆಮೇಲೆ ಒಂದು ರೆನೋ ಕಾರಿನ ಬಳಿಯೂ ಬೊಗಳಿದ. ಸೋಫಾ ಮತ್ತು ಕಾರಿನಲ್ಲಿ ಕೀಲಾ ಕೂಡ ಗುರುತು ತೋರಿಸಿದಳು. ಆದರೆ ಆ ಕಾರನ್ನು ಅಪ್ಪ ಅಮ್ಮ ಬಾಡಿಗೆಗೆ ಪಡೆದದ್ದು ಮಗಳು ಕಾಣೆಯಾಗಿ ಮೂರು ವಾರ ಕಳೆದ ಮೇಲೆ! ಸೆಪ್ಟೆಂಬರ್ 7ರಂದು ಪೋರ್ಚುಗಲ್ ಪೊಲೀಸರು ಹೆತ್ತವರನ್ನೇ ಶಂಕಿತರೆಂದು ಘೋಷಿಸಿದರು.

ನಾಯಿ ತೋರಿಸಿದ ಜಾಗಗಳಿಂದ ತೆಗೆದ ಮಾದರಿಗಳು ಬರ್ಮಿಂಗ್‌ಹ್ಯಾಮ್‌ನ ಲ್ಯಾಬ್‌ಗೆ ಹೋದವು. ಕಾರಿನ ಮಾದರಿಯಲ್ಲಿ ಮೆಡಲೀನ್‌ಳ ಡಿಎನ್‌ಎಯ 19 ಅಂಶಗಳಲ್ಲಿ 15 ಕಂಡವು ಎಂಬ ಸುದ್ದಿ ಲೋಕವೆಲ್ಲ ಸುತ್ತಿತು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆದರೆ ಲ್ಯಾಬ್‌ನವರು ಹೇಳಿದ್ದರಲ್ಲಿ ಇನ್ನರ್ಧ ಇತ್ತು. ಆ ಮಾದರಿಯಲ್ಲಿ ಕಡಿಮೆ ಎಂದರೂ ಮೂವರ ಡಿಎನ್‌ಎ ಕಲೆತಿತ್ತು. ಎಲ್ಲರದ್ದೂ ಸೇರಿ ಒಟ್ಟು 37 ಅಂಶಗಳಿದ್ದವು, ಆ 15 ಒಬ್ಬರಿಂದಲೇ ಬಂದವು ಎನ್ನುವಂತಿರಲಿಲ್ಲ. ಇದರಿಂದ ಏನನ್ನೂ ಖಚಿತವಾಗಿ ಹೇಳಲಾಗದು ಎಂದೇ ಅವರು ಬರೆದಿದ್ದರು. ನಾಯಿಗಳ ಹ್ಯಾಂಡ್ಲರ್ ಮಾರ್ಟಿನ್ ಗ್ರೈಮ್ ಕೂಡ, ಬೇರೆ ಪುರಾವೆ ಜೊತೆಗೂಡದ ಹೊರತು ನಾಯಿಯ ಸೂಚನೆಯನ್ನು ಸಾಕ್ಷಿಯಾಗಿ ನೆಚ್ಚಬಾರದು ಎಂದು ತಮ್ಮ ವರದಿಯಲ್ಲೇ ಎಚ್ಚರಿಸಿದ್ದರು. ಆ ಸಾಲನ್ನು ಓದುವ ತಾಳ್ಮೆ ಯಾರಿಗೂ ಇರಲಿಲ್ಲ. 2008ರ ಜುಲೈನಲ್ಲಿ ಹೆತ್ತವರ ಮೇಲಿನ ಶಂಕಿತರ ಹಣೆಪಟ್ಟಿ ಹೋಯಿತು.

ಹೆಣ ಹುಡುಕಲೆಂದೇ ನಾಯಿ ಪಳಗಿಸುವ ಪದ್ಧತಿ ಹಳೆಯದೇನಲ್ಲ. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಪೊಲೀಸರು ಪರ್ಲ್ ಎಂಬ ಲ್ಯಾಬ್ರಡಾರ್ ಅನ್ನು ಇದಕ್ಕೆಂದೇ ತಯಾರು ಮಾಡಿದರು. ಮಣ್ಣಿನಡಿ ಹೂತ ದೇಹವನ್ನು ಅದು ಪತ್ತೆ ಮಾಡಿತು. ಇಂಥ ಕಡೆ ತಕರಾರಿಗೆ ಜಾಗವೇ ಇಲ್ಲ. ನಾಯಿ ತೋರಿಸುತ್ತದೆ, ಜನ ಅಗೆಯುತ್ತಾರೆ, ಸಿಗುತ್ತದೆ ಇಲ್ಲವೇ ಸಿಗುವುದಿಲ್ಲ. 2024ರ ವಯನಾಡು ಭೂಕುಸಿತದಲ್ಲಿ ಕೇರಳ ಪೊಲೀಸರ ಮಾಯಾ, ಮರ್ಫಿ ಕೆಸರಿನ ಮೇಲೆ ಮಾಡಿದ್ದೂ ಇದೇ ಕೆಲಸ.

ಅಗೆದರೆ ಏನೂ ಸಿಗದ ಜಾಗದಲ್ಲಿ ನಾಯಿ ಬೊಗಳಿದರೆ? ಕಷ್ಟ ಶುರುವಾಗುವುದು ಇಲ್ಲಿ. ಹೆಣ ಒಂದಷ್ಟು ಹೊತ್ತು ಅಲ್ಲಿದ್ದು ಹೋಗಿರಬಹುದು, ವಾಸನೆ ಉಳಿದಿರಬಹುದು. ಹ್ಯಾಂಬರ್ಗ್‌ನ ಸಂಶೋಧಕರು ಸತ್ತು ಮೂರು ತಾಸೂ ಆಗದ ದೇಹಗಳ ಅಡಿಯಲ್ಲಿ ಕಾರ್ಪೆಟ್ ತುಂಡುಗಳನ್ನಿಟ್ಟು ಪರೀಕ್ಷೆ ಮಾಡಿದರು. 10 ನಿಮಿಷ ಇಟ್ಟ ತುಂಡುಗಳ ವಿಷಯದಲ್ಲಿ ನಾಯಿಗಳ ನಿಖರತೆ 98%. ಬರೀ 2 ನಿಮಿಷ ಇಟ್ಟವುಗಳಲ್ಲೂ 86%. ಅಂದರೆ ಮೂಗಿನ ಶಕ್ತಿಯ ಬಗ್ಗೆ ಅನುಮಾನ ಬೇಡ.

ನನಗೆ ಅನುಮಾನ ಇರುವುದು ನಾಯಿಯ ಹಗ್ಗ ಹಿಡಿದವರ ಮೇಲೆ. 2011ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ನೋಡಿ. ಮಾದಕ ವಸ್ತು, ಸ್ಫೋಟಕ ಹುಡುಕುವ 18 ನಾಯಿಗಳು ಮತ್ತು ಅವುಗಳ ಹ್ಯಾಂಡ್ಲರ್‌ಗಳನ್ನು ಕೆಲವು ಕೋಣೆಗಳಿಗೆ ಬಿಟ್ಟರು. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ಇದೆ ಎಂದು ಹ್ಯಾಂಡ್ಲರ್‌ಗಳಿಗೆ ಸುಳ್ಳು ಹೇಳಿದ್ದರು, ಕೆಲವು ಕಡೆ ಕೆಂಪು ಕಾಗದದ ಗುರುತನ್ನೂ ಅಂಟಿಸಿದ್ದರು. 144 ಹುಡುಕಾಟಗಳಲ್ಲಿ ಏನೂ ಇಲ್ಲವೆಂದು ಸರಿಯಾಗಿ ಮುಗಿದದ್ದು 21 ಮಾತ್ರ. ಉಳಿದವುಗಳಲ್ಲಿ 225 ಸುಳ್ಳು ಸೂಚನೆಗಳು. ಯಜಮಾನನ ಮನಸ್ಸನ್ನು ನಾಯಿ ಓದುತ್ತದೆ ಎನ್ನುವುದು ನಾಯಿ ಸಾಕಿದವರಿಗೆಲ್ಲ ಗೊತ್ತಿರುವ ವಿಷಯವೇ.

ಎಡ್ಡಿಯದ್ದು ಇನ್ನೊಂದು ತೊಡಕು. ಬದುಕಿರುವವರ ಒಣಗಿದ ರಕ್ತಕ್ಕೂ ಅವನು ಬೊಗಳುತ್ತಿದ್ದ. ಹಾಗಾಗಿಯೇ ಕೀಲಾಳನ್ನು ಜೊತೆಗೆ ಕಳಿಸುತ್ತಿದ್ದರು. ಎಷ್ಟೋ ಜನ ಬಂದು ಉಳಿದು ಹೋಗುವ ರಜೆ ಮನೆಯಲ್ಲಿ ಯಾರ ರಕ್ತ, ಯಾವಾಗಿನದು?

2008ರಲ್ಲಿ ಇದೇ ಎಡ್ಡಿಯನ್ನು ಜರ್ಸಿ ದ್ವೀಪದ ಹಳೆಯ ಅನಾಥಾಲಯವೊಂದಕ್ಕೆ ಕರೆದೊಯ್ದರು. ಮಗುವಿನ ತಲೆಬುರುಡೆಯ ಚೂರು ಸಿಕ್ಕಿತೆಂದು ಪೊಲೀಸರು ಪ್ರಕಟಿಸಿದರು. ಕೊನೆಗೆ ಅದು ಮರದ ಚೂರೋ ತೆಂಗಿನ ಚಿಪ್ಪೋ ಇರಬೇಕು ಎಂದಾಯಿತು. ನವೆಂಬರ್‌ನಲ್ಲಿ, ಅಲ್ಲಿ ಮಕ್ಕಳ ಕೊಲೆಯಾಗಿದ್ದಕ್ಕೆ ಪುರಾವೆ ಇಲ್ಲ ಎಂದರು. ಅಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯ ಮಾತ್ರ ನಿಜ. ಚಿಪ್ಪಿನ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವರು ಕಡಿಮೆ.

ಹಾಗಂತ ನಾಯಿಯನ್ನು ತಳ್ಳಿಹಾಕುವಂತೆಯೂ ಇಲ್ಲ. ಅಮೆರಿಕದ ಮ್ಯಾಡಿಸನ್‌ನಲ್ಲಿ 1976ರಲ್ಲಿ ಕಾಣೆಯಾದ ಹೆಂಗಸಿನ ಪ್ರಕರಣದಲ್ಲಿ, ಹೆಣದ ವಾಸನೆ ಇದೆ ಎಂದು ನಾಯಿಗಳು ತೋರಿಸಿದ್ದವು. ಅವನ್ನು ನೆಚ್ಚಲಾಗದು ಎಂದು ನ್ಯಾಯಾಧೀಶರು 2007ರಲ್ಲಿ ಆ ಸಾಕ್ಷ್ಯವನ್ನು ಹೊರಗಿಟ್ಟರು. ಮರುವರ್ಷ ಗಂಡನೇ ತಪ್ಪೊಪ್ಪಿಕೊಂಡ. ನಾಯಿಗಳು ಹೇಳಿದ್ದು ಸುಳ್ಳಾಗಿರಲಿಲ್ಲ! ಡೆಟ್ರಾಯಿಟ್‌ನಲ್ಲಿ 2011ರಲ್ಲಿ ಕಾಣೆಯಾದ ಎರಡು ವರ್ಷದ ಮಗುವಿನ ದೇಹ ಸಿಗಲೇ ಇಲ್ಲ. ಆದರೂ ತಂದೆಗೆ ಶಿಕ್ಷೆಯಾಯಿತು. ಅಲ್ಲಿ ನಾಯಿಯ ಪರವಾಗಿ ಸಾಕ್ಷಿ ಹೇಳಿದವರು ಇದೇ ಗ್ರೈಮ್. ಆ ಸಾಕ್ಷ್ಯವನ್ನು ಒಪ್ಪಿದ್ದು ಸರಿ ಎಂದು ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಹೇಳಿತು. ನಮ್ಮಲ್ಲಿ, ಜಾಡು ಹಿಡಿಯುವ ಪೊಲೀಸ್ ನಾಯಿಗಳ ವಿಷಯದಲ್ಲಿ, ಸುಪ್ರೀಂ ಕೋರ್ಟ್ ದಶಕಗಳ ಹಿಂದೆಯೇ ಈ ಪ್ರಶ್ನೆ ಎದುರಿಸಿದೆ. ನಾಯಿ ಕಟಕಟೆ ಹತ್ತಿ ಮಾತಾಡಲಾರದು, ಅದನ್ನು ಪಾಟೀಸವಾಲು ಮಾಡುವವರು ಯಾರು?

ಮೆಡಲೀನ್ ಪ್ರಕರಣ ಈಗ ಬೇರೆಯೇ ದಿಕ್ಕಿನಲ್ಲಿದೆ. 2020ರ ಜೂನ್‌ನಲ್ಲಿ ಜರ್ಮನಿಯ ತನಿಖಾಧಿಕಾರಿಗಳು ತಮ್ಮ ದೇಶದವನೊಬ್ಬನ ಮೇಲೆ ಶಂಕೆ ಇದೆ ಎಂದರು. 2025ರ ಜೂನ್‌ನಲ್ಲಿ ಪೊಲೀಸರು ಮತ್ತೆ ಪ್ರಾಯಾ ದ ಲೂಜ್‌ಗೆ ಬಂದರು. ಈ ಸಲ ಎಡ್ಡಿ ಬೊಗಳಿದ್ದ ಮನೆಯ ಕಡೆ ಹೋಗಲಿಲ್ಲ. ಊರಾಚೆಯ ಕುರುಚಲು ಬಯಲಿನಲ್ಲಿ, ನೆಲದೊಳಗೆ ನೋಡುವ ರೇಡಾರ್ ಇಟ್ಟುಕೊಂಡು ಮೂರು ದಿನ ಹುಡುಕಿದರು.