ಕತ್ತಲೆಕಾನಿನಲ್ಲಿ ಮೊದಲ ಪಾಠ

ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟ ಹತ್ತುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನಲ್ಲಿ, ಕತ್ತಲೆಕಾನು ಅಂತ ಒಂದು ಕಾಡಿದೆ. ಹೆಸರೇ ಹೇಳುವ ಹಾಗೆ, ಅಲ್ಲಿ ಮಧ್ಯಾಹ್ನವೂ ಬಿಸಿಲು ನೆಲ ಮುಟ್ಟುವುದು ಕಷ್ಟ. ಒಳಗೆ ಹರಿಯುವ ಸಣ್ಣ ಹಳ್ಳಗಳ ಅಂಚಿನಲ್ಲಿ ನೆಲ ಯಾವಾಗಲೂ ಕೆಸರು. ಇಂಥ ಜಾಗಕ್ಕೆ ಆ ಕಡೆಯವರು ಜಡ್ಡಿ ಅನ್ನುತ್ತಾರೆ. ಅಲ್ಲಿನ ಕಪ್ಪು ಮಣ್ಣಿನಿಂದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಒಳಗೆ ಇಳಿದಿರುತ್ತವೆ. ಇವು ಜಾಯಿಕಾಯಿಯ ಬಂಧುವಾದ ರಾಮಪತ್ರೆಯ ಕುಟುಂಬದ ಮರಗಳ ಬೇರು. ನೀರು ನಿಂತ ಮಣ್ಣಿನಲ್ಲಿ ಗಾಳಿ ತೀರ ಕಡಿಮೆ. ಅದಕ್ಕೇ ಉಸಿರಾಡಲು ಬೇರು ಮೇಲೆ ಬರುತ್ತದೆ.

ಜೀವವೈವಿಧ್ಯ ಸಂರಕ್ಷಣೆಯನ್ನು ಪದವಿಯ ಮೊದಲ ವರ್ಷದಲ್ಲಿ ಓದಲು ಹೊರಟವರಿಗೆ ಒಂದೇ ಒಂದು ಜಾಗ ತೋರಿಸಿ ಅಂದರೆ, ನಾನು ಈ ಜಡ್ಡಿಯನ್ನೇ ತೋರಿಸುತ್ತೇನೆ. ಪಠ್ಯದ ಹೆಚ್ಚುಕಮ್ಮಿ ಎಲ್ಲ ಅಧ್ಯಾಯಗಳೂ ಈ ಕೆಸರಿನಲ್ಲೇ ಸಿಗುತ್ತವೆ.

ಮೊದಲ ಅಧ್ಯಾಯ ಎಣಿಕೆ. ಒಂದು ಚೌಕ ಗುರುತು ಮಾಡಿ, ಅದರೊಳಗಿನ ಪ್ರತಿ ಮರದ ಹೆಸರು ಬರೆದು, ಎದೆಯೆತ್ತರದಲ್ಲಿ ಟೇಪು ಸುತ್ತಿ ದಪ್ಪ ಅಳೆಯುವುದು. ಕೇಳಲು ಸುಲಭ. ಆದರೆ ಎಣಿಸಿದ ಮೇಲೆ ಏನು ಹೇಳಬೇಕು? ಎರಡು ಕಾಡು ಊಹಿಸಿಕೊಳ್ಳಿ. ಎರಡರಲ್ಲೂ ನೂರು ಮರ, ಎರಡರಲ್ಲೂ ಹತ್ತು ಪ್ರಭೇದ. ಒಂದರಲ್ಲಿ ಪ್ರತಿ ಪ್ರಭೇದದ್ದೂ ಹತ್ತು ಹತ್ತು ಮರ. ಇನ್ನೊಂದರಲ್ಲಿ ಒಂದೇ ಪ್ರಭೇದದ್ದು 91 ಮರ, ಉಳಿದ ಒಂಬತ್ತರದ್ದು ಒಂದೊಂದೇ. ಕಣ್ಣು ಮುಚ್ಚಿ ಎರಡು ಮರ ಆರಿಸಿದರೆ ಅವು ಬೇರೆ ಬೇರೆ ಪ್ರಭೇದ ಆಗಿರುವ ಸಾಧ್ಯತೆ ಎಷ್ಟು? ಮೊದಲ ಕಾಡಿನಲ್ಲಿ ಶೇಕಡಾ 91, ಎರಡನೆಯದರಲ್ಲಿ ಸುಮಾರು 17 ಮಾತ್ರ. ಸಿಂಪ್ಸನ್ ಸೂಚ್ಯಂಕ ಅಂತ ಪರೀಕ್ಷೆಗೆ ಬಾಯಿಪಾಠ ಮಾಡುವ ಸೂತ್ರದ ಹಿಂದೆ ಇರುವುದು ಇಷ್ಟೇ. ಹೆಸರುಗಳ ಪಟ್ಟಿ ಉದ್ದ ಇದ್ದರೆ ಸಾಲದು, ಪಾಲು ಹೇಗೆ ಹಂಚಿಕೆಯಾಗಿದೆ ಅನ್ನುವುದನ್ನೂ ನೋಡಬೇಕು.

ಇಲ್ಲೇ ಹೊಸಬರು ಎಡವುತ್ತಾರೆ. ಸೂಚ್ಯಂಕ ಜಾಸ್ತಿ ಬಂದ ಕಾಡೇ ಉಳಿಸಬೇಕಾದ ಕಾಡು ಅಂದುಕೊಳ್ಳುತ್ತಾರೆ. ನಮ್ಮ ಜಡ್ಡಿಯನ್ನೇ ನೋಡಿ. ಅಂಥ ಕೆಸರಲ್ಲಿ ಬದುಕಬಲ್ಲ ಮರಗಳು ಕೆಲವೇ ಕೆಲವು. ಪಕ್ಕದ ಒಣ ಇಳಿಜಾರಿನಲ್ಲಿ ಅದಕ್ಕಿಂತ ಜಾಸ್ತಿ ಪ್ರಭೇದ ಸಿಕ್ಕರೂ ಆಶ್ಚರ್ಯ ಇಲ್ಲ. ಆದರೆ ಜಡ್ಡಿಯಲ್ಲಿರುವ ಆ ಕೆಲವು ಮರಗಳು ಬೇರೆ ಎಲ್ಲಿ ಸಿಗುತ್ತವೆ? ಸೂತ್ರಕ್ಕೆ ಈ ಪ್ರಶ್ನೆ ಗೊತ್ತೇ ಇಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಬೆನ್ನೆಲುಬು ಇದೇ ಪ್ರಶ್ನೆ.

ಕತ್ತಲೆಕಾನಿನಲ್ಲಿ ಗೇರಿನ ಬಂಧುವಾದ ಒಂದು ಮರ ಇದೆ. 2000ದಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದ ಎಂದು ಗುರುತಿಸಿ, ಊರಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಸಣ್ಣ ಗಿಡ ಅಲ್ಲ, ದೊಡ್ಡ ಮರ. ಆದರೂ ಅಷ್ಟು ದಿನ ವಿಜ್ಞಾನದ ಲೆಕ್ಕಕ್ಕೆ ಬಂದಿರಲಿಲ್ಲ. ಹಿಪ್ಪೆಯ ಬಂಧುವೊಂದು, ನೇರಳೆಯ ಬಂಧುವೊಂದು ಕೇರಳದ ದಕ್ಷಿಣ ತುದಿಯ ಕಾಡುಗಳಲ್ಲಷ್ಟೇ ಇವೆ ಅಂತ ತಿಳಿದಿತ್ತು. ಅವೂ ನೂರಾರು ಕಿಲೋಮೀಟರ್ ಉತ್ತರಕ್ಕೆ, ಉತ್ತರ ಕನ್ನಡದ ಇಂಥ ಒದ್ದೆ ಕಾಡುಗಳಲ್ಲೇ ಸಿಕ್ಕವು.

2014ರಲ್ಲಿ ಇಲ್ಲಿಂದಲೇ ಒಂದು ಕಪ್ಪೆಯ ವಿವರ ಪ್ರಕಟವಾಯಿತು. ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಕೈತುಂಬ ಕೆಸರು ತಂದು, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮಡಕೆ ಮಾಡುವವರ ಕೈ ನೆನಪಾಗುತ್ತದೆ. ಅದಕ್ಕೇ ಅದರ ಹೆಸರು ಕುಂಬಾರ ಕಪ್ಪೆ. ರಾತ್ರಿ ಹೊತ್ತು, ಮಳೆಯಲ್ಲಿ, ಟಾರ್ಚು ಹಿಡಿದು ಹಳ್ಳದಲ್ಲಿ ಕಾದು ಕೂತವರಿಗೆ ಸಿಕ್ಕ ದೃಶ್ಯ ಇದು. ಕಪ್ಪೆಯೊಂದು ಹೀಗೆ ಮೊಟ್ಟೆಗೆ ಕೆಸರು ಮೆತ್ತುವುದನ್ನು ಅದಕ್ಕೆ ಮೊದಲು ಯಾರೂ ದಾಖಲಿಸಿರಲಿಲ್ಲ.

ಇಂಥ, ಒಂದೇ ಸೀಮೆಗೆ ಸೀಮಿತವಾದ ಪ್ರಭೇದಗಳ ಆಧಾರದ ಮೇಲೆಯೇ 1988ರಲ್ಲಿ ಪರಿಸರ ವಿಜ್ಞಾನಿ ನಾರ್ಮನ್ ಮೈಯರ್ಸ್ 'ಹಾಟ್‌ಸ್ಪಾಟ್' ಎಂಬ ಲೆಕ್ಕ ಮುಂದಿಟ್ಟರು. ಈಗಿನ ನಿಯಮದ ಪ್ರಕಾರ, ಒಂದು ಪ್ರದೇಶದಲ್ಲಿ ಬೇರೆಲ್ಲೂ ಬೆಳೆಯದ ಸಸ್ಯಪ್ರಭೇದಗಳು ಕನಿಷ್ಠ 1,500 ಇರಬೇಕು. ಜೊತೆಗೆ ಅಲ್ಲಿನ ಮೂಲ ಹಸಿರಿನ ಶೇಕಡಾ 70ರಷ್ಟಾದರೂ ಈಗಾಗಲೇ ಹೋಗಿರಬೇಕು. ಪಶ್ಚಿಮ ಘಟ್ಟ ಶ್ರೀಲಂಕಾದ ಜೊತೆ ಸೇರಿ ಆ ಪಟ್ಟಿಯಲ್ಲಿದೆ. ನಾವು ಹಾಟ್‌ಸ್ಪಾಟ್ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಪದದ ಅರ್ಧ ಅರ್ಥ ಏನೆಂದರೆ, ಇದ್ದ ಹಸಿರನ್ನು ಕಳೆದುಕೊಂಡಿದ್ದೇವೆ ಅಂತ. ಈ ಮಾತು ತರಗತಿಯಲ್ಲಿ ಗಟ್ಟಿಯಾಗಿ ಹೇಳಬೇಕು.

ಸರಿ, ಅಪರೂಪದ ಮರ ಅಲ್ವಾ, ಬೀಜ ತೆಗೆದು ಬೀಜ ಬ್ಯಾಂಕಿನಲ್ಲಿ ಇಟ್ಟರಾಯಿತು ಅಂತ ಯಾರಾದರೂ ಕೇಳಬಹುದು. ಭತ್ತ, ರಾಗಿಗೆ ಅದು ನಡೆಯುತ್ತದೆ. ಬೀಜ ಒಣಗಿಸಿ, ತಂಪಿನಲ್ಲಿಟ್ಟರೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ರಾಮಪತ್ರೆಯ ಬೀಜಕ್ಕೆ ಅದು ಆಗುವುದಿಲ್ಲ. ಯಾವಾಗಲೂ ಒದ್ದೆ ಇರುವ ನೆಲಕ್ಕೆ ಬೀಳುವ ಬೀಜ ಅದು. ಒಣಗಿ ಕಾಯುವ ಅಭ್ಯಾಸವೇ ಅದಕ್ಕಿಲ್ಲ. ಒಣಗಿಸಿದರೆ ಬೇಗ ಸಾಯುತ್ತದೆ. ಅಂದರೆ ಈ ಮರಗಳನ್ನು ಡಬ್ಬಿಯಲ್ಲಿ ಉಳಿಸಲು ಬರುವುದಿಲ್ಲ, ಕೆಸರಿನಲ್ಲೇ ಉಳಿಸಬೇಕು. ಪಠ್ಯದಲ್ಲಿ 'ಸ್ವಸ್ಥಾನ ಸಂರಕ್ಷಣೆ' (ಇದ್ದ ಜಾಗದಲ್ಲೇ ಉಳಿಸುವುದು), 'ಬಾಹ್ಯಸ್ಥಾನ ಸಂರಕ್ಷಣೆ' (ಹೊರಗೆ ತಂದು ಉಳಿಸುವುದು) ಅಂತ ಎರಡು ಭಾರದ ಪದ ಬರುತ್ತವೆ. ಎರಡರ ವ್ಯತ್ಯಾಸ ನನಗೆ ನಿಜವಾಗಿ ಅರ್ಥವಾಗಿದ್ದು ಈ ಬೀಜದಿಂದ.

ಇನ್ನೊಂದು ತೊಡಕು ಇದೆ. ರಾಮಪತ್ರೆಯಲ್ಲೂ, ಕತ್ತಲೆಕಾನಿನ ಆ ಗೇರಿನ ಬಂಧುವಿನಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಜಡ್ಡಿಯಲ್ಲಿ ಐವತ್ತು ಮರ ಇವೆ ಅನ್ನಿ. ಅದರಲ್ಲಿ 45 ಗಂಡು, 5 ಹೆಣ್ಣು. ಮುಂದಿನ ಪೀಳಿಗೆಗೆ ಹೋಗುವ ಜೀನ್‌ಗಳಲ್ಲಿ ಅರ್ಧ ಆ ಐದೇ ಹೆಣ್ಣು ಮರಗಳಿಂದ ಬರಬೇಕು. ಇದಕ್ಕೆ ಒಂದು ಲೆಕ್ಕ ಇದೆ. ಗಂಡು ಹೆಣ್ಣುಗಳ ಸಂಖ್ಯೆ ಗುಣಿಸಿ, ನಾಲ್ಕರಿಂದ ಮತ್ತೆ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ. ಬರುವುದು 18. ಕಣ್ಣಿಗೆ ಕಾಣುವ ಮರ ಐವತ್ತು, ಆದರೆ ವಂಶದ ಲೆಕ್ಕದಲ್ಲಿ ಹದಿನೆಂಟೇ. ಮರ ಗಣತಿಯ ಪುಸ್ತಕದಲ್ಲಿ ಈ ಸಂಖ್ಯೆ ಕಾಣುವುದಿಲ್ಲ. ಹೂವಿನ ಕಾಲದಲ್ಲಿ ಹೋಗಿ, ತಲೆಯೆತ್ತಿ ನೋಡಿದವರಿಗೇ ಗಂಡು ಯಾವುದು, ಹೆಣ್ಣು ಯಾವುದು ಅಂತ ಗೊತ್ತಾಗುವುದು.

ಶಿರಸಿಯ ಅರಣ್ಯ ಕಾಲೇಜಿನವರು ಈ ಜಡ್ಡಿಗಳ ಅಪರೂಪದ ಮರಗಳ ಬೀಜ ತಂದು, ಸಸಿ ಮಾಡಿ, ಮತ್ತೆ ಜಡ್ಡಿಗೇ ನೆಟ್ಟಿದ್ದಾರೆ. ಸುಮ್ನೆ ಗುಂಡಿ ತೋಡಿ ಗಿಡ ನೆಡುವ ಕೆಲಸ ಅಲ್ಲ ಇದು. ಬಿದ್ದ ಬೀಜವನ್ನು ಒಣಗುವ ಮೊದಲೇ ಆರಿಸಬೇಕು. ಒಂದೇ ತಾಯಿಮರದಿಂದ ಎಲ್ಲ ತರಬಾರದು. ನೀರು ನಿಲ್ಲುವ ಜಾಗ ಹುಡುಕಿಯೇ ನೆಡಬೇಕು. ಇಷ್ಟೆಲ್ಲ ಮಾಡಿದರೂ ಮರ ದೊಡ್ಡದಾಗಿ ಕಾಯಿ ಬಿಡುವುದು ನೆಟ್ಟವರ ಮುಂದಿನ ಪೀಳಿಗೆಗೆ.

ಹಣ್ಣನ್ನು ದೂರ ಒಯ್ಯುವವರೂ ಬೇಕು. ರಾಮಪತ್ರೆಯ ಬೀಜಕ್ಕೆ ಕೆಂಪು ಪತ್ರೆ ಸುತ್ತಿಕೊಂಡಿರುತ್ತದೆ. ಮಂಗಟ್ಟೆ ಹಕ್ಕಿ ಅದನ್ನು ನುಂಗಿ, ಪತ್ರೆ ಅರಗಿಸಿಕೊಂಡು, ಬೀಜವನ್ನು ಬೇರೆಲ್ಲೋ ಉಗುಳುತ್ತದೆ. ಮನುಷ್ಯರಿಗೂ ಆ ಪತ್ರೆ ಬೇಕು, ಮಾರಾಟಕ್ಕೆ ಬೆಲೆಯಿದೆ. ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಇಳಿಸಿದರೆ ಹಕ್ಕಿಗೂ ಇಲ್ಲ, ಕೆಸರಿಗೂ ಇಲ್ಲ. ಬಿದ್ದಿದ್ದನ್ನು ಆರಿಸಿ, ಪತ್ರೆ ಸುಲಿದು, ಬೀಜವನ್ನು ಅಲ್ಲೇ ಬಿಟ್ಟು ಬಂದರೆ ಮೂವರಿಗೂ ಸಿಗುತ್ತದೆ. ಮರದ ತುದಿಯಿಂದ ತುದಿಗೆ ಓಡಾಡುವ ಸಿಂಗಳೀಕಗಳೂ ಇದೇ ಸೀಮೆಯಲ್ಲಿವೆ. ಅವಕ್ಕಾಗಿ 2011ರಲ್ಲಿ ಸರ್ಕಾರ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿತು.

ಜಡ್ಡಿಗಳು ಇಷ್ಟು ಕಡಿಮೆ ಆಗಿದ್ದು ಯಾಕೆ ಅಂತ ಕೇಳಿದರೆ ಉತ್ತರ ನಮ್ಮ ಮನೆಯ ಹತ್ತಿರವೇ ಇದೆ. ಕಣಿವೆಯ ತಳ, ಬೇಸಿಗೆಯಲ್ಲೂ ಬತ್ತದ ನೀರು, ಗಾಳಿಯಿಂದ ಮರೆ. ಅಡಿಕೆಗೂ ಗದ್ದೆಗೂ ಬೇಕಾಗಿದ್ದು ಅದೇ. ಎಷ್ಟೋ ಜಡ್ಡಿಗಳು ತೋಟವಾದವು, ಗದ್ದೆಯಾದವು. ಆ ತೋಟದಿಂದಲೇ ತಲೆಮಾರುಗಳು ಬದುಕಿವೆ, ಅದನ್ನು ತಪ್ಪು ಅನ್ನಲು ನನ್ನ ಬಾಯಿ ಬರುವುದಿಲ್ಲ. ಆದರೆ ಉಳಿದ ಜಡ್ಡಿಯ ನೀರು ಕೆಳಗಿನ ತೋಟಕ್ಕೇ ಇಳಿಯುತ್ತದೆ ಅನ್ನುವುದು ತೋಟದವರಿಗೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು.

2002ರ ಜೀವವೈವಿಧ್ಯ ಕಾಯ್ದೆ ಅವರ ಈ ತಿಳಿವಳಿಕೆಗೆ ಒಂದು ಜಾಗ ಕೊಟ್ಟಿದೆ. ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನವರ ಜೊತೆ ಕೂತು ಅಲ್ಲಿನ ಗಿಡ, ಪ್ರಾಣಿ, ತಳಿ, ಬಳಕೆಗಳ ದಾಖಲೆ ಬರೆಯಬೇಕು. ವಿದ್ಯಾರ್ಥಿಗಳಿಗೆ ನಾನು ಕೊಡುವ ಮೊದಲ ಮನೆಗೆಲಸ ಇದೇ: ನಿಮ್ಮ ಪಂಚಾಯಿತಿಗೆ ಹೋಗಿ ಆ ದಾಖಲೆ ಕೇಳಿ, ಓದಿ. ಪುಟ ಖಾಲಿ ಇದ್ದರೆ ಊರಿನ ಅತ್ಯಂತ ಹಿರಿಯರ ಮನೆಗೆ ಹೋಗಿ, ಇಲ್ಲಿ ಮೊದಲು ಜಡ್ಡಿ ಎಲ್ಲಿತ್ತು ಅಂತ ಕೇಳಿ ಬರೆದುಕೊಳ್ಳಿ.