ಎಸ್‌ಎಸ್‌ಡಿ ಸವೆದುಹೋಗುತ್ತದೆಂದು ಹೆದರಬೇಕೆ?

ಪ್ರಶ್ನೆ: ಯಕ್ಷಗಾನ ಆಟದ ವಿಡಿಯೊಗಳನ್ನು ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಡ್ರೈವಿಗೆ) ಹಾಕಿ ಎಡಿಟ್ ಮಾಡಿದರೆ ಎರಡೇ ವರ್ಷದಲ್ಲಿ ಅದು ಸವೆದುಹೋಗುತ್ತದಂತೆ. ಹಾರ್ಡ್‌ಡಿಸ್ಕೇ ವಾಸಿಯೇ?

ಇಲ್ಲ. ಕುಂಬಳೆಯಿಂದ ಬದಿಯಡ್ಕದವರೆಗೆ ವಿಡಿಯೊದವರೆಲ್ಲ ಕೇಳುವುದು ಇದನ್ನೇ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಲೆಕ್ಕವನ್ನೇ ಹಾಕಿಬಿಡೋಣ.

500 ಜಿಬಿಯ ಒಳ್ಳೆಯ ಟಿಎಲ್‌ಸಿ (ಒಂದು ಸೆಲ್ಲಿನಲ್ಲಿ, ಅಂದರೆ ಡೇಟಾ ಕೂರುವ ಪುಟ್ಟ ಕೋಶದಲ್ಲಿ, ಮೂರು ಬಿಟ್ ಇಡುವ) ಎಸ್‌ಎಸ್‌ಡಿಗೆ ಸಾಮಾನ್ಯವಾಗಿ 300 ಟಿಬಿಡಬ್ಲ್ಯು ಎಂದಿರುತ್ತದೆ. ಅಂದರೆ ಒಟ್ಟು 300 ಟಿಬಿ ಬರೆಯುವವರೆಗೆ, ಇಲ್ಲವೇ ವಾರಂಟಿಯ ವರ್ಷಗಳು ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ಕ್ಯಾಮೆರಾ 50 ಎಂಬಿಪಿಎಸ್‌ನಲ್ಲಿದ್ದರೆ (ಸೆಕೆಂಡಿಗೆ 50 ಮೆಗಾಬಿಟ್) ಗಂಟೆಗೆ 22.5 ಜಿಬಿ, ಇಡೀ ರಾತ್ರಿಯ 8 ಗಂಟೆಗೆ 180 ಜಿಬಿ. ವರ್ಷಕ್ಕೆ 100 ಆಟ ಹಿಡಿದರೂ 18 ಟಿಬಿ. 300ನ್ನು 18ರಿಂದ ಭಾಗಿಸಿ: 16 ವರ್ಷ ದಾಟುತ್ತದೆ. ರೆಂಡರ್ ಮಾಡಿದ್ದನ್ನೂ ಸೇರಿಸಿ ದುಪ್ಪಟ್ಟು ಮಾಡಿ, ಆಗಲೂ 8 ವರ್ಷ. 300 ಮುಟ್ಟಿದ ದಿನವೇ ಡ್ರೈವ್ ಸಾಯುವುದೂ ಇಲ್ಲ; ಅದು ವಾರಂಟಿಯ ಗಡಿ ಮಾತ್ರ.

ಸವೆತ ಸುಳ್ಳಲ್ಲ. ಅಳಿಸಿ ಬರೆಯುವಾಗಲೆಲ್ಲ ಸೆಲ್ಲಿನ ತೆಳು ಆಕ್ಸೈಡ್ ಪದರ ಸ್ವಲ್ಪ ಸ್ವಲ್ಪವೇ ಹಾಳಾಗುತ್ತದೆ. ಆದರೆ ಒಂದೇ ಫೈಲನ್ನು ನೂರು ಸಲ ಸೇವ್ ಮಾಡಿದರೂ ಒಂದೇ ಜಾಗ ಸವೆಯುವುದಿಲ್ಲ. ಡ್ರೈವನ್ನು ನಡೆಸುವ ಚಿಪ್ಪಾದ ಕಂಟ್ರೋಲರ್ ಬೇರೆ ಬೇರೆ ಬ್ಲಾಕಿಗೆ ಬರೆದು ಸವೆತವನ್ನು ಹಂಚುತ್ತದೆ. ಹಾಗಾಗಿ ಬ್ರೌಸರ್ ಕ್ಯಾಶೆ ಬೇರೆ ಡಿಸ್ಕಿಗೆ ಸಾಗಿಸುವುದು, ಹೈಬರ್ನೇಷನ್ ಆಫ್ ಮಾಡುವುದು, ಈ ಸರ್ಕಸ್ಸನ್ನೆಲ್ಲ ಬಿಟ್ಟುಬಿಡಿ. ಡ್ರೈವನ್ನು ಪೂರ್ತಿ ತುಂಬಿಸಬೇಡಿ, ಅಷ್ಟೆ. 10–15 ಶೇಕಡಾ ಜಾಗ ಖಾಲಿ ಇಲ್ಲದಿದ್ದರೆ ಕಂಟ್ರೋಲರ್ ಇದ್ದ ಡೇಟಾವನ್ನೇ ಅತ್ತಿತ್ತ ಸರಿಸುತ್ತ ಅನಗತ್ಯವಾಗಿ ಬರೆಯಬೇಕಾಗುತ್ತದೆ.

ನಂಬಿಕೆ ಬಾರದಿದ್ದರೆ ಡ್ರೈವಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶ ತೆರೆದು 'ಟೋಟಲ್ ಹೋಸ್ಟ್ ರೈಟ್ಸ್' ನೋಡಿ, ಇಷ್ಟು ದಿನದಲ್ಲಿ ಎಷ್ಟು ಬರೆದಿದ್ದೀರಿ ಎಂದು ತಿಳಿಯುತ್ತದೆ. ಎಸ್‌ಎಸ್‌ಡಿ ದಿಢೀರನೆ ಕೈಕೊಡುವುದು ಹೆಚ್ಚಾಗಿ ಕಂಟ್ರೋಲರ್ ಕೆಟ್ಟಾಗ, ಇಲ್ಲವೇ ಬರೆಯುತ್ತಿರುವಾಗ ಕರೆಂಟು ಹೋದಾಗ. ನಮ್ಮ ಮಳೆಗಾಲಕ್ಕೆ ಯುಪಿಎಸ್ ಇಲ್ಲದೆ ಎಡಿಟಿಂಗಿಗೆ ಕೂರಬೇಡಿ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ. ಆಟಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ತುಂಬಿದ ಎಸ್‌ಎಸ್‌ಡಿಯನ್ನು ಕಪಾಟಿನಲ್ಲಿಟ್ಟು ಮರೆಯಬಹುದೇ? ಬೇಡ. ಕರೆಂಟು ಸಿಗದ ಸೆಲ್ಲಿನಿಂದ ಚಾರ್ಜ್ ನಿಧಾನಕ್ಕೆ ಸೋರುತ್ತದೆ. ಬರೆಯುವ ಮಿತಿ ಮುಗಿಸಿದ ಸಾಮಾನ್ಯ ಡ್ರೈವ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಡೇಟಾ ಉಳಿಸಿಕೊಳ್ಳಬೇಕೆಂದು ಮಾತ್ರ ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡ ಹೇಳುತ್ತದೆ. ಹೊಸ ಡ್ರೈವ್ ಹೆಚ್ಚು ಕಾಲ ತಾಳುತ್ತದೆ, ಬಿಸಿ ಹೆಚ್ಚಾದಷ್ಟೂ ಅವಧಿ ಕುಗ್ಗುತ್ತದೆ. ಹಳೆಯ ಆಟಗಳನ್ನು ಎರಡು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಎಸ್‌ಎಸ್‌ಡಿ ಕೆಲಸಕ್ಕಿರಲಿ.