ವ್ಯಾನ್ ಇದ್ದರೆ ಎಲ್ಲಿ ಬೇಕಾದರೂ ಮಲಗಬಹುದೇ?

ಪ್ರಶ್ನೆ: ಬರುವ ಮಾರ್ಚ್‌ನಲ್ಲಿ ನಮ್ಮ ಮದುವೆಗೆ 25 ವರ್ಷ ತುಂಬುತ್ತದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಕ್ಯಾಂಪರ್‌ವ್ಯಾನ್‌ನಲ್ಲಿ 12 ದಿನ ಸುತ್ತಬೇಕೆಂದಿದ್ದೇವೆ. ಹೋಟೆಲ್ ಕಾದಿರಿಸದೆ, ಇಷ್ಟವಾದ ಸರೋವರದ ದಡದಲ್ಲಿ ನಿಲ್ಲಿಸಿ ಮಲಗಬಹುದೇ?

ಉತ್ತರ: ಇಷ್ಟವಾದಲ್ಲೆಲ್ಲ ಮಲಗುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಉಚಿತವಾಗಿ ತಂಗುವುದನ್ನು ಅಲ್ಲಿ ‘ಫ್ರೀಡಂ ಕ್ಯಾಂಪಿಂಗ್’ ಎನ್ನುತ್ತಾರೆ. 2011ರ ಕಾಯಿದೆ ಅದಕ್ಕೆ ಅವಕಾಶ ಕೊಟ್ಟಿದೆಯಾದರೂ, ಯಾವ ಜಾಗದಲ್ಲಿ ತಂಗಬಾರದು, ತಂಗಿದರೆ ಎಷ್ಟು ರಾತ್ರಿ ಎಂಬುದನ್ನು ನಿರ್ಧರಿಸುವ ಅಧಿಕಾರ ಸ್ಥಳೀಯ ಕೌನ್ಸಿಲ್‌ಗಳ ಕೈಯಲ್ಲಿದೆ. 2023ರ ತಿದ್ದುಪಡಿಯು ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿತು: ಕೌನ್ಸಿಲ್ ಬೇರೆ ನಿಯಮ ಮಾಡಿರದಿದ್ದರೆ, ಅದರ ಜಾಗದಲ್ಲಿ ತಂಗುವ ವಾಹನಕ್ಕೆ ‘ಸೆಲ್ಫ್ ಕಂಟೇನ್ಡ್’ (ನೀರು, ಶೌಚ, ತ್ಯಾಜ್ಯದ ವ್ಯವಸ್ಥೆ ವಾಹನದಲ್ಲೇ ಇದೆ ಎಂಬ) ಪ್ರಮಾಣಪತ್ರ ಇರಬೇಕು, ಮತ್ತು ಆ ಪತ್ರ ಸಿಗಬೇಕಾದರೆ ಶೌಚಾಲಯವನ್ನು ವಾಹನದೊಳಗೆ ಕದಲದಂತೆ ಜೋಡಿಸಿರಬೇಕು. ಹೀಗಾಗಿ ವ್ಯಾನ್ ಗೊತ್ತುಮಾಡುವಾಗ ಬಾಡಿಗೆಗಿಂತ ಮೊದಲು ವಿಚಾರಿಸಬೇಕಾದದ್ದು ಶೌಚಾಲಯವನ್ನು. ಅದರ ತೊಟ್ಟಿಯನ್ನು ನಿಗದಿತ ಡಂಪ್ ಸ್ಟೇಷನ್‌ಗೆ ಒಯ್ದು ನೀವೇ ಖಾಲಿ ಮಾಡಬೇಕು. ಅದು ಯಾರ ಸರದಿ ಎಂಬುದು 25 ವರ್ಷ ಒಟ್ಟಿಗೆ ಬಾಳಿದವರಿಗೂ ಹೊಸ ಚರ್ಚೆಯೇ.

ನನ್ನ ಸಲಹೆಯೆಂದರೆ, ಉಚಿತ ಜಾಗಗಳ ಆಸೆ ಬಿಟ್ಟು, ಒಂದೆರಡು ರಾತ್ರಿ ಸಂರಕ್ಷಣಾ ಇಲಾಖೆಯ ಸರಳ ಶಿಬಿರತಾಣದಲ್ಲಿ, ಮುಂದಿನ ರಾತ್ರಿ ಹಾಲಿಡೇ ಪಾರ್ಕ್‌ನಲ್ಲಿ (ಹಣ ಕೊಟ್ಟು ತಂಗುವ, ಹೆಚ್ಚು ಸೌಲಭ್ಯದ ಶಿಬಿರತಾಣ) ಎಂಬ ಕ್ರಮ ಇಟ್ಟುಕೊಳ್ಳಿ. ವ್ಯಾನಿನ ಬ್ಯಾಟರಿ ದೀಪಕ್ಕೆ, ಫ್ರಿಜ್ಜಿಗೆ, ನೀರಿನ ಪಂಪಿಗೆ ಸಾಕು. ಮೈಕ್ರೊವೇವ್ ಅಥವಾ ಕರೆಂಟಿನ ರೈಸ್ ಕುಕ್ಕರ್ ನಡೆಯಬೇಕಾದರೆ ಹಾಲಿಡೇ ಪಾರ್ಕ್‌ನ ವಿದ್ಯುತ್ ಸಂಪರ್ಕವೇ ಬೇಕು. ಉಳಿದ ದಿನ ಗ್ಯಾಸ್ ಒಲೆಯ ಮೇಲೆ ಅನ್ನ, ಸಾರು ಧಾರಾಳವಾಗಿ ಆಗುತ್ತದೆ. ಊರಿನಿಂದ ಒಯ್ಯುವ ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿಗಳನ್ನು ವಿಮಾನ ನಿಲ್ದಾಣದಲ್ಲಿ ತಪ್ಪದೆ ಘೋಷಿಸಿ; ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪವನ್ನಂತೂ ಒಯ್ಯಲೇಬೇಡಿ.

ರಾತ್ರಿಗಳನ್ನು ಮೊದಲು ಹಂಚಿಕೊಂಡರೆ ದಾರಿ ತಾನಾಗಿ ಮೂಡುತ್ತದೆ. ಸಿಂಗಪುರದಿಂದಲೇ ಸುಮಾರು 10 ಗಂಟೆ ಹಾರಿ ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದ ದಿನ ವ್ಯಾನ್ ಪಡೆಯಬೇಡಿ. ಅಂದು ಊರಿನಲ್ಲೇ ನಿದ್ದೆ ತೀರಿಸಿಕೊಳ್ಳಿ. ಮರುದಿನ ಸುಮಾರು 225 ಕಿ.ಮೀ. ದೂರದ, ಸರೋವರದ ದಡದ ಊರು ಟೆಕಾಪೊ. ಅದನ್ನು ಒಳಗೊಂಡ ಪ್ರದೇಶವನ್ನು 2012ರಲ್ಲಿ ಅಂತರರಾಷ್ಟ್ರೀಯ ಕತ್ತಲಾಕಾಶ (ಕೃತಕ ಬೆಳಕನ್ನು ಹತೋಟಿಯಲ್ಲಿಟ್ಟ) ಮೀಸಲು ಪ್ರದೇಶವೆಂದು ಘೋಷಿಸಲಾಗಿದ್ದು, ಮೋಡವಿಲ್ಲದ ರಾತ್ರಿ ಅಲ್ಲಿ ವ್ಯಾನಿನಿಂದ ಹೊರಗೆ ಕಾಲಿಟ್ಟರೆ ಕ್ಷೀರಪಥವೇ ಕಾಣುತ್ತದೆ. ಅನಂತರ 3,724 ಮೀಟರ್ ಎತ್ತರದ ಅಓರಕಿ ಅಥವಾ ಮೌಂಟ್ ಕುಕ್‌ನ ಬಳಿಯ ವೈಟ್ ಹಾರ್ಸ್ ಹಿಲ್ ಶಿಬಿರದಲ್ಲಿ ಎರಡು ರಾತ್ರಿ ಕೊಡಿ. ಹೂಕರ್ ಕಣಿವೆಯ ಕಾಲುದಾರಿ ಅಲ್ಲಿಂದಲೇ ಹೊರಡುತ್ತದೆ. ವಾನಕಾ, ಕ್ವೀನ್ಸ್‌ಟೌನ್ ದಾಟಿ ಟೆ ಅನೌ. ಅಲ್ಲಿಂದ ಬೆಟ್ಟಗಳ ನಡುವೆ ಚಾಚಿದ ಸಮುದ್ರದ ಕೊಲ್ಲಿ ಮಿಲ್ಫರ್ಡ್ ಸೌಂಡ್‌ಗೆ ಸುಮಾರು 120 ಕಿ.ಮೀ. ಈ ದಾರಿಯಲ್ಲಿ ತಂಗಲು ಇಲಾಖೆಯ ಕ್ಯಾಸ್ಕೇಡ್ ಕ್ರೀಕ್ ತಾಣವಿದೆ. ಉತ್ತರ ದ್ವೀಪವನ್ನು ಈ ಸಲ ಮರೆತುಬಿಡಿ.

ಮಾರ್ಚ್ ಒಳ್ಳೆಯ ಆಯ್ಕೆ: ಬೇಸಿಗೆಯ ಶಾಲಾ ರಜೆ ಮುಗಿದು ದಟ್ಟಣೆ ಇಳಿದಿರುತ್ತದೆ, ಚಳಿ ಇನ್ನೂ ಬಿಗಿದಿರುವುದಿಲ್ಲ. ನಮ್ಮಂತೆ ಅಲ್ಲಿಯೂ ವಾಹನ ಎಡಕ್ಕೇ ಓಡುತ್ತದೆ. ಇಂಗ್ಲಿಷಿನಲ್ಲಿರುವ ಕಾರಿನ ಪೂರ್ಣ ಪರವಾನಗಿ ಇಂಥ ಪ್ರವಾಸಕ್ಕೆ ಸಾಕು. ಒಂದೇ ವಾಹನ ಹಿಡಿಸುವ ಸೇತುವೆಗಳು ಮಾತ್ರ ಹೊಸತೆನಿಸಬಹುದು: ನಿಮ್ಮ ಕಡೆಯ ಬಾಣ ಕೆಂಪಾಗಿ, ಚಿಕ್ಕದಾಗಿದ್ದರೆ ಎದುರಿನವರಿಗೆ ದಾರಿ ಬಿಡಬೇಕು.

ಇನ್ನು ಮದುವೆಯ ದಿನದ ರಾತ್ರಿ. ಅಂದು ವ್ಯಾನ್ ಬಿಟ್ಟು ಟೆ ಅನೌನಲ್ಲೋ ಕ್ವೀನ್ಸ್‌ಟೌನ್‌ನಲ್ಲೋ ಒಂದು ಒಳ್ಳೆಯ ಕೋಣೆ ಹಿಡಿಯಿರಿ. ಒಂದು ವಾರ ಕಿರಿದಾದ ಹಾಸಿಗೆಯಲ್ಲಿ ಮಲಗಿದ ಬೆನ್ನುಗಳಿಗೆ ಅದೇ ಉಡುಗೊರೆ. ಕಾದಿರಿಸುವಾಗ ಏಳು ಮೀಟರ್ ಉದ್ದದ ವಾಹನ ನಿಲ್ಲಿಸಲು ಜಾಗವಿದೆಯೇ ಎಂದು ಕೇಳಿಕೊಳ್ಳಿ.